ಸಕ್ಕುಬಾಯಿಯ ಕಿವಿಗೆ ಒಂದು ವೋಲ್ಟ್ ಮೂವತ್ತು

ಕಾಗವಾಡದ ಬಸ್‌ಸ್ಟ್ಯಾಂಡಿನ ಹಿಂದೆ, ಹಿಟ್ಟಿನ ಗಿರಣಿಗೆ ಅಂಟಿಕೊಂಡ ಅಂಗಡಿಯಲ್ಲಿ ತ್ರಿಶಲಾ ಹನ್ನೊಂದು ವರ್ಷದಿಂದ ಕಿವಿ ಮಷೀನು ರಿಪೇರಿ ಮಾಡುತ್ತಾಳೆ. ಮೊದಲು ಟಿವಿ ರಿಪೇರಿಯ ಬೋರ್ಡು ಹಾಕಿದ್ದಳು. ಹೆಂಗಸಿಗೇನು ಗೊತ್ತು ಎಂದು ಊರು ಆಡಿಕೊಂಡಿತು. ಕಿವಿ ಕೇಳದವರಿಗೆ ಆ ಮಾತು ಕೇಳಿಸಲಿಲ್ಲವಾದ್ದರಿಂದ ಅವರು ಬಂದರು.

ಕಿವಿ ಮಷೀನು ಬಲು ನಾಜೂಕು, ಅಂಗಿಯ ಗುಂಡಿಗಿಂತ ಸಣ್ಣ ಸೆಲ್ಲಿನ ಮೇಲೆ ಓಡುವಂಥದ್ದು. ಪರೀಕ್ಷಿಸಲು ಸರಿಯಾಗಿ ಒಂದು ವೋಲ್ಟ್ ಮೂವತ್ತು, ಅಂದರೆ 1.30, ಕೊಡಬೇಕು. ವೋಲ್ಟ್ ಏರಿಳಿಸುವ ಅವಳ ಹಳೆಯ ಪವರ್ ಸಪ್ಲೈ ಡಬ್ಬಿ ಮುಟ್ಟಿದರೆ ಸಾಕು, ಒಂದರಿಂದ ಎರಡಕ್ಕೆ ಹಾರುತ್ತಿತ್ತು. ಒಳ್ಳೆಯದಕ್ಕೆ ಎಮ್ಮೆಯ ಬೆಲೆ. ತಾನೇ ಮಾಡಲು ಕೂತಳು. ಸತ್ತ ಟೇಪ್‌ರೆಕಾರ್ಡರಿನ ಟ್ರಾನ್ಸ್‌ಫಾರ್ಮರು, ಒಂದು ಸ್ಟೀಲ್ ಡಬ್ಬಿ, ಎರಡು ತಿರುವುಗುಂಡಿ: ಒಂದು ಆನೆಹೆಜ್ಜೆಗೆ, ಇನ್ನೊಂದು ಇರುವೆಹೆಜ್ಜೆಗೆ. ಡಬ್ಬಿಗೆ ಕೂರಿಸಿದ ಮೀಟರಿನಲ್ಲಿ ವೋಲ್ಟಿನ ಸಾವಿರದಲ್ಲೊಂದು ಪಾಲೂ ಕಾಣುತ್ತಿತ್ತು. ಆದರೆ ಪಕ್ಕದ ಜಿನ್ನಪ್ಪನ ಗಿರಣಿ ಶುರುವಾದರೆ ಕೊನೆಯ ಅಂಕಿ ಕುಣಿಯತೊಡಗುತ್ತಿತ್ತು.

"ಜಿನ್ನಪ್ಪಣ್ಣ, ಅರ್ಧಾ ತಾಸ ಗಿರಣಿ ಬಂದ್ ಮಾಡ್ರಿ."

"ಮಾಡ್ತೀನ್ರಿ. ಮಂದಿಗೆ ರೊಟ್ಟಿ ನಿಮ್ಮ ಮೀಟರ ಬಡದ ಕೊಡ್ತೈತೇನ್ರಿ?"

ಹತ್ತು ದಿನ ಅವನ ಮೇಲೆ ಮುನಿಸಿಕೊಂಡಳು. ಹನ್ನೊಂದನೆಯ ದಿನ ನೋಡಿದರೆ, ಅಳತೆಯ ತಂತಿಗಳು ಟ್ರಾನ್ಸ್‌ಫಾರ್ಮರಿಗೆ ಒರಗಿ ಮಲಗಿವೆ. ಜಡೆಯಂತೆ ಹೊಸೆದು ದೂರ ಸರಿಸಿದಳು. ಗಿರಣಿ ಓಡುತ್ತಿದ್ದರೂ ಅಂಕಿ ನಿಂತಿತು. ತಪ್ಪು ತನ್ನದೇ ಎಂದು ಜಿನ್ನಪ್ಪನಿಗೆ ಮಾತ್ರ ಹೇಳಲಿಲ್ಲ.

ಹೊಸ ಡಬ್ಬಿಗೆ ಮೊದಲ ಗಿರಾಕಿ ಕಬ್ಬಿನ ತೋಟದ ಸಕ್ಕುಬಾಯಿ, ಜೊತೆಗೆ ಸೊಸೆ ಸಾರಿಕಾ.

"ಎರಡ ದಿನಕ್ಕೊಂದ ಸೆಲ್ ನುಂಗತೈತ್ರಿ ಅಕ್ಕಾರ. ಅತ್ತಿ ಬಂದ್ ಮಾಡೂದ ಮರೀತಾರ."

ತ್ರಿಶಲಾ ಎರಡು ಸಣ್ಣ ತಂತಿ ಜೋಡಿಸಿ ಮೀಟರು ನೋಡಿದಳು. ಬಂದ್ ಮಾಡಿದ ಮೇಲೂ ಕರೆಂಟು ಹರಿಯುತ್ತಿತ್ತು. ಸ್ವಿಚ್ಚಿನೊಳಗೆ ಬೆವರು, ಕೊಬ್ಬರಿ ಎಣ್ಣೆ ಸೇರಿ ಹೆಪ್ಪುಗಟ್ಟಿದ್ದವು.

"ನಿಮ್ಮತ್ತೀದ ತಪ್ಪಿಲ್ಲ ಸಾರಿಕಾ. ಮಷೀನ ಕದ್ದ ತಿನ್ನಾಕತ್ತಿತ್ತು."

ಅಷ್ಟರಲ್ಲಿ ಫೋನು ಬಂದು ಸಾರಿಕಾ ಹೊರಗೆ ಹೋದಳು. ತ್ರಿಶಲಾ ಸ್ವಿಚ್ಚನ್ನು ಸ್ಪಿರಿಟಿನಲ್ಲಿ ತೊಳೆದು, ತಂತಿಸಮೇತ ಮಷೀನನ್ನು ಮುದುಕಿಯ ಕಿವಿಗಿಟ್ಟು ಇರುವೆಗುಂಡಿ ತಿರುವಿದಳು. ಒಂದು ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಸಕ್ಕುಬಾಯಿಯ ಕಣ್ಣು ಅಗಲವಾಯಿತು. ಹೊರಗಿನಿಂದ ಸೊಸೆಯ ದನಿ ಸ್ಪಷ್ಟವಾಗಿ ಬಂತು: "ಮುದುಕಿ ಕಿವಿ ಚಲೋ ಆದ್ರ ನಾವ ಮನ್ಯಾಗ ಬಾಯಿ ಬಿಡಾಂಗಿಲ್ಲ ನೋಡ."

ಮುದುಕಿ ತಾನೇ ಗುಂಡಿಗೆ ಕೈ ಹಾಕಿ ಹಿಂದಕ್ಕೆ ತಿರುವಿದಳು. ಒಂದು ಹತ್ತಕ್ಕೆ ದನಿ ಸೊಳ್ಳೆಯ ಗುಂಯ್‌ನಷ್ಟಾಯಿತು. "ಸೊಸಿ ಮಾತಿಗೆ ಇಷ್ಟ ಸಾಕ. ತಂಗೀ, ಈ ಡಬ್ಬಿ ಕೊಡ್ತಿಯೇನ?"

"ಇದು ಅಂಗಡ್ಯಾಗ ಬೇಕ್ರಿ ಆಯಿ."

ಸಾರಿಕಾ ಒಳಬಂದಾಗ ಸಕ್ಕುಬಾಯಿ ಗುಂಡಿಯನ್ನು ಮತ್ತೆ ಮೂವತ್ತಕ್ಕೆ ಏರಿಸಿ, "ಹೇಳವಾ, ಈಗ ಬಾಯಿ ಬಿಡು" ಎಂದಳು. ಸೊಸೆ ನಾಲಗೆ ಕಚ್ಚಿಕೊಂಡಳು. ಮೊದಲು ನಕ್ಕವಳು ಮುದುಕಿ. ಆಮೇಲೆ ಸೊಸೆಗೂ ತಡೆಯಲಾಗಲಿಲ್ಲ.

ಮುಂದಿನ ವಾರ ಸಕ್ಕುಬಾಯಿ ಇನ್ನೂ ಮೂವರು ಮುದುಕಿಯರನ್ನು ಕರೆತಂದಳು. ಯಾರ ಮಷೀನೂ ಕೆಟ್ಟಿರಲಿಲ್ಲ; ಎಲ್ಲರಿಗೂ ಆ ಗುಂಡಿ ತಿರುವಿ ನೋಡಬೇಕಿತ್ತು. ತ್ರಿಶಲಾ ನಿಟ್ಟುಸಿರು ಬಿಟ್ಟು ಇನ್ನೊಂದು ಸ್ಟೂಲು ಎಳೆದಳು.