ಎರಡೂ ಎಡವಾದ ಕಪಾಟು

ಮರಗೆಲಸದ ಕ್ಷೇತ್ರದಲ್ಲಿ ಕೈಚಳಕವುಳ್ಳವರು ಹಲವರಿದ್ದಾರೆ. ಆ ಕೈಚಳಕವನ್ನು ಇನ್ನೊಬ್ಬರ ಕೈಗೆ ದಾಟಿಸಬಲ್ಲವರು ಬೆರಳೆಣಿಕೆಯಷ್ಟು ಮಂದಿ ಮಾತ್ರ. ಆ ಕೆಲವರಲ್ಲಿ ಅಗ್ರಗಣ್ಯರಾಗಿ, ಒಂದೇ ಕಾರ್ಯಾಗಾರದಲ್ಲಿ ಮೂವತ್ತೆಂಟು ವರ್ಷ ದುಡಿದು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ದೊಡ್ಡ ಮೇಸ್ತ್ರಿಗಳ ಬಗ್ಗೆ ಬರೆಯುವುದು ಹೆಮ್ಮೆಯ ಸಂಗತಿ. ಓದಿದರೆ ಬೈಯುತ್ತಾರೆಂಬ ಅಳುಕೂ ಜೊತೆಗಿದೆ. ಹೊಗಳಿಕೆಯನ್ನು ಅವರು ಹಸಿ ಮರದಂತೆ ದೂರವೇ ಇಡುತ್ತಾರೆ. ಆದ್ದರಿಂದ ಅವರ ಗುಣಗಾನದ ಗೊಡವೆಗೆ ಹೋಗದೆ, ಅವರ ಕೈಕೆಳಗೆ ಪಳಗಿದ ಒಬ್ಬ ವಿದ್ಯಾರ್ಥಿನಿಯ ಕಥೆ ಹೇಳುವುದೇ ಕ್ಷೇಮ.

ಹದಿನಾಲ್ಕು ವರ್ಷಗಳ ಹಿಂದೆ, ಮರಗೆಲಸದ ತರಬೇತಿ ಕಾಲೇಜಿನಿಂದ ಹನ್ನೆರಡು ವಾರಗಳ ಪ್ರಾಯೋಗಿಕ ಕೆಲಸಕ್ಕೆಂದು ಆಕೆ ಬಂದಾಗ ವಯಸ್ಸು ಮೂವತ್ತಮೂರು. ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಹತ್ತು ವರ್ಷ ನಿಂತು ಸಾಕಾಗಿ, ಅಣ್ಣನ ಮಾತು ಮೀರಿ ಕಾಲೇಜು ಸೇರಿದ್ದರು. ಅಣ್ಣ ಅಂದಿನಿಂದ ಮಾತು ಬಿಟ್ಟಿದ್ದರು. ದೊಡ್ಡ ಮೇಸ್ತ್ರಿಗಳು ವಾರವಾರ ತುಂಬುವ ವರದಿ ಚೆನ್ನಾಗಿರದಿದ್ದರೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದಿದ್ದರೆ ಮತ್ತೆ ಅದೇ ಕೌಂಟರು. ಕಾರ್ಯಾಗಾರದವರು ಕೆಟ್ಟವರೇನಲ್ಲ. ಆದರೆ ಕನ್ನಡಕ, ನೋಟ್‌ಬುಕ್ಕುಗಳ ಸಮೇತ ಬಂದ ಆಕೆಗೆ ಮೊದಲ ದಿನವೇ ‘ಟೀಚರಮ್ಮ’ ಎಂದು ಹೆಸರಿಟ್ಟು, ಆಕೆ ಹತ್ತಿರ ಬಂದೊಡನೆ ಹರಟೆ ನಿಲ್ಲಿಸಿಬಿಡುತ್ತಿದ್ದರು. ಮಧ್ಯಾಹ್ನ ಹನ್ನೊಂದು ಮಂದಿ ಉದ್ದ ಬೆಂಚಿನ ಮೇಲೆ ಒತ್ತಿಕೊಂಡು ಉಣ್ಣುವಾಗ, ಆಕೆ ಹಲಗೆ ಪೇರಿಸಿಟ್ಟ ಕೋಣೆಯಲ್ಲಿ ಒಬ್ಬರೇ ಡಬ್ಬಿ ಬಿಚ್ಚುತ್ತಿದ್ದರು. ಬೆಳಗ್ಗೆ ‘ನಮಸ್ಕಾರ’, ಸಂಜೆ ‘ಬರ್ತೀನಿ’. ಕೆಲವು ದಿನ ಆಕೆಯ ಬಾಯಿಂದ ಹೊರಟದ್ದು ಇವೆರಡೇ ಮಾತು. ಬಾಡಿಗೆ ಕೋಣೆ ಸೇರಿದ ಮೇಲೆ ಅದೂ ಇಲ್ಲ. ಆ ಒಂಟಿತನ ಆಕೆಯನ್ನು ಹಿಂಡಿ ಹಾಕಿತು.

ದೊಡ್ಡ ಮೇಸ್ತ್ರಿಗಳೂ ಮಾತಿನ ಮಲ್ಲರಲ್ಲ. ಯಂತ್ರಗಳ ಸದ್ದಿಗೆ ಕಿವಿ ಮಂದವಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಾತಾಡುವ ಅಗತ್ಯವೂ ಕಡಿಮೆಯಾಗಿತ್ತು. ಮೊದಲ ಎರಡು ವಾರ ಅವರು ಆಕೆಗೆ ಉಳಿ ಮಸೆಯುವ ಕೆಲಸವನ್ನೇ ಕೊಟ್ಟರು. ಆಮೇಲೆ, ಕಣ್ಣುಮುಚ್ಚಿ ಅಂಗೈಯಿಂದ ಹಲಗೆ ಸವರಿ ಮರದ ಎಳೆ ಯಾವ ಕಡೆಗೆ ಓಡುತ್ತದೆಂದು ಹೇಳುವುದನ್ನು ಕಲಿಸಿದರು. ಗೆರೆಯನ್ನು ಉಳಿಸಿ ಗೆರೆಯ ಹೊರಗೆ ಕೊಯ್ಯುವುದು, ಅಂಟು ಹಚ್ಚುವ ಮೊದಲು ಹಾಗೆಯೇ ಒಮ್ಮೆ ಜೋಡಿಸಿ ನೋಡುವುದು, ಇವೆಲ್ಲ ನಿಧಾನವಾಗಿ ಕೈಗೆ ಹತ್ತಿದವು. ನೋಟ್‌ಬುಕ್ಕು ತಾನಾಗಿಯೇ ಮನೆಯಲ್ಲಿ ಉಳಿಯಿತು.

ಒಂಬತ್ತನೆಯ ವಾರ ಒಂದು ಕಪಾಟು ಆಕೆಯ ಪಾಲಿಗೆ ಬಂತು. ಕಪಾಟಿನ ಪಕ್ಕದ ಹಲಗೆಗಳೆರಡು ಎಡಗೈ ಬಲಗೈಗಳಂತೆ ಒಂದಕ್ಕೊಂದು ಎದುರಾಗಿರಬೇಕು. ಅದಕ್ಕೇ ಅವೆರಡನ್ನೂ ಬಿಡಿಸಿದ ಪುಸ್ತಕದಂತೆ ಅಕ್ಕಪಕ್ಕ ಮಲಗಿಸಿ, ಒಟ್ಟಿಗೆ ಗುರುತು ಹಾಕಿ, ಆಮೇಲೆ ಅಡ್ಡಹಲಗೆಗಳು ಕೂರುವ ಕಚ್ಚು ಕೊರೆಯುವುದು ಅಲ್ಲಿನ ಪದ್ಧತಿ. ಬೇಗ ಮುಗಿಸಿ ಭೇಷ್ ಎನ್ನಿಸಿಕೊಳ್ಳುವ ಆಸೆಗೆ ಬಿದ್ದು ಆಕೆ ಒಂದೊಂದನ್ನೇ ಬೇರೆಬೇರೆಯಾಗಿ ಕೊರೆದರು. ನಿಲ್ಲಿಸಿ ನೋಡಿದರೆ ಎರಡೂ ಎಡ!

“ಟೀಚರಮ್ಮನ ಕಪಾಟಿಗೆ ಎರಡೂ ಎಡಗೈ ಕಣ್ರೋ!” ಎಂದು ಪಾಲಿಶ್ ಮಾಡುವವನು ಕೂಗಿದ್ದೇ ತಡ, ಬೆಂಚಿಗೆ ಬೆಂಚೇ ಬಿದ್ದುಬಿದ್ದು ನಕ್ಕಿತು. ಆಕೆ ಹಲಗೆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತರು. ಸ್ವಲ್ಪ ಹೊತ್ತಿಗೆ ದೊಡ್ಡ ಮೇಸ್ತ್ರಿಗಳು ಒಳಬಂದು ಹಲಗೆಗಳ ಮೇಲೆ ಕುಳಿತರು.

“ಒಳ್ಳೇ ಮರ ಹಾಳು ಮಾಡಿದೆ ಸರ್. ನಾಳೆಯಿಂದ ಬರಲ್ಲ,” ಎಂದರು ಆಕೆ.

“ಎಡ ಎರಡೂ ಚೆನ್ನಾಗಿ ಬಂದಿದ್ಯೇನಮ್ಮ?”

“ಬಂದಿರೋದೇನೋ ಚೆನ್ನಾಗೇ ಬಂದಿದೆ…”

“ಹಾಗಾದ್ರೆ ಬಲ ಎರಡು ಮಾಡು. ಒಂದು ಕೇಳಿದ್ರು, ಎರಡು ಕಪಾಟು ಕೊಡೋಣ.” ಎದ್ದು ಹೊರಟವರು ಬಾಗಿಲಲ್ಲಿ ನಿಂತು ಹೇಳಿದರು: “ನಾನು ಕಲಿಯೋವಾಗ ಮೂರು ಎಡ ಮಾಡಿದ್ದೆ. ನಮ್ಮ ಮೇಸ್ತ್ರಿ ನಾಲ್ಕನೇದನ್ನೂ ಎಡಾನೇ ಮಾಡ್ಸಿದ್ರು. ಆಮೇಲೆ ನಾಲ್ಕು ಬಲ!”

ಆ ವಾರದ ವರದಿಯಲ್ಲಿ ‘ಎರಡು ಕಪಾಟು ಪೂರೈಸಿದ್ದಾರೆ’ ಎಂದಷ್ಟೇ ಇತ್ತು. ಮರುದಿನದಿಂದ ದೊಡ್ಡ ಮೇಸ್ತ್ರಿಗಳು ಉದ್ದ ಬೆಂಚು ಬಿಟ್ಟು, ತಮ್ಮ ಡಬ್ಬಿಯನ್ನು ಹಲಗೆ ಕೋಣೆಗೇ ತಂದರು. ಇಬ್ಬರೂ ಹೆಚ್ಚೇನೂ ಮಾತಾಡದೆ ಉಣ್ಣುತ್ತಿದ್ದರು. ಆಕೆಗೆ ಅಷ್ಟೇ ಸಾಕಾಗಿತ್ತು.

ಪ್ರಮಾಣಪತ್ರ ಪಡೆದು ಅಲ್ಲಿಯೇ ಕೆಲಸಕ್ಕೆ ನಿಂತ ಆಕೆ, ಬರುವ ತಿಂಗಳಿನಿಂದ ದೊಡ್ಡ ಮೇಸ್ತ್ರಿಗಳ ಸ್ಥಾನಕ್ಕೆ ಬರಲಿದ್ದಾರೆ. ಹೆಣ್ಣಿನ ಕೈಕೆಳಗೆ ಕೆಲಸ ಮಾಡಬೇಕೇ ಎಂದು ಒಂದಿಬ್ಬರು ಈಗಾಗಲೇ ಗೊಣಗುತ್ತಿದ್ದಾರೆ. ಅದಕ್ಕೇ ಕಳೆದ ವಾರ ಆಕೆ, ವಾರಕ್ಕೆರಡು ದಿನವಾದರೂ ಬಂದು ಜೊತೆಗಿರಬೇಕೆಂದು ದೊಡ್ಡ ಮೇಸ್ತ್ರಿಗಳನ್ನು ಬೇಡಿಕೊಂಡರು.

“ನಾನು ಬಂದು ಕೂತ್ರೆ ಎಲ್ಲರೂ ನನ್ನ ಮುಖಾನೇ ನೋಡ್ತಾರೆ. ನಿನ್ನ ಮಾತು ಯಾರು ಕೇಳ್ತಾರೆ? ಒಂದು ವರ್ಷ ನಾನು ಈ ಕಡೆ ತಲೇನೂ ಹಾಕಲ್ಲ.”

“ಮನೇಲಿ ಒಬ್ರೇ ಏನು ಮಾಡ್ತೀರಿ ಸರ್?”

“ಅಭ್ಯಾಸ ಆಗುತ್ತೆ ಬಿಡಮ್ಮ. ನಿನಗೂ ಆಯ್ತಲ್ಲ.”

ನಿವೃತ್ತಿಯ ಸಂದರ್ಭದಲ್ಲಿ ನೂರು ವರ್ಷ ಬಾಳಲೆಂದು ಹಾರೈಸುವುದು ವಾಡಿಕೆ. ದೊಡ್ಡ ಮೇಸ್ತ್ರಿಗಳಿಗೆ ನಾವು ನೂರೊಂದು ಹಾರೈಸುತ್ತೇವೆ. ಹೆಚ್ಚಿನ ಆ ಒಂದು, ಅವರು ಆಕೆಗಾಗಿ ಮನೆಯಲ್ಲಿ ಒಬ್ಬರೇ ಕಳೆಯಲಿರುವ ವರ್ಷ. ಅದು ಮುಗಿದ ಮರುದಿನ ಬೆಳಗ್ಗೆ ಕಾರ್ಯಾಗಾರದ ಬಾಗಿಲು ಎಂಟಕ್ಕೇ ತೆರೆದಿರುತ್ತದೆ, ಅವರು ಬರಲೇಬೇಕು.