ಡ್ಯೂಕನ ಮುಸುಕಿನ ಕಲೆ

ಡ್ಯೂಕ್ ಔಬೆರ್ ಆಳಿದ್ದು ಇಪ್ಪತ್ತು ವರ್ಷ. ಊರವರು ಆ ವರ್ಷಗಳನ್ನು ಯುದ್ಧಗಳಿಂದ ನೆನಪಿಟ್ಟುಕೊಂಡರು, ಕೋಟೆಯ ಅಗಸಗಿತ್ತಿ ಪೆರನೆಟ್ ಬಟ್ಟೆಗಳಿಂದ ನೆನಪಿಟ್ಟುಕೊಂಡಳು. ಮದುವೆಯ ಹಾಸು, ಬಾಣಂತಿ ಕೋಣೆಯ ಅರಿವೆ, ಪಕ್ಕದ ಸೀಮೆಯನ್ನು ಸುಟ್ಟು ಬಂದ ದಿನದ ಹೊಗೆ ನಾರುವ ಅಂಗಿ, ಎಲ್ಲವೂ ಅವಳ ಬೂದಿನೀರಿನ ಹಂಡೆಗೇ ಬೀಳುತ್ತಿದ್ದವು. ದೊಡ್ಡವರ ಕೊಳೆ ಒಗೆಯುವವಳಿಗೆ ಕೈ ಇದ್ದರೆ ಸಾಕು, ಬಾಯಿ ಇರಬಾರದು. ಅದನ್ನು ಅವಳು ಬೇಗ ಕಲಿತಿದ್ದಳು.

ಔಬೆರ್ ದನಿ ಏರಿಸಿದವನಲ್ಲ. ಸೇಬಿನ ಸಿಪ್ಪೆ ಸುಲಿಯುತ್ತಲೇ ತೀರ್ಪು ಹೇಳುತ್ತಿದ್ದ. ಸಿಪ್ಪೆ ತುಂಡಾಗದೆ ಬಂದರೆ ಅಂದು ಯಾರೋ ಒಬ್ಬ ಬದುಕಿಕೊಂಡ ಎಂದು ಜನ ಆಡಿಕೊಳ್ಳುತ್ತಿದ್ದರು. ಪೆರನೆಟ್‌ಳ ಗಂಡ ಥೀಬೋನನ್ನು ಎಳೆತಂದ ದಿನ ಸಿಪ್ಪೆ ಇಡಿಯಾಗಿಯೇ ಬಂತು. ಅವನು ಸೌದೆ ಹೊರುವವನು. ಡ್ಯೂಕನ ಕಾಡಿನಲ್ಲಿ ಜಿಂಕೆಯೊಂದು ಸತ್ತಿತ್ತು, ಇವನ ಅಂಗಿಯ ತೋಳಿನ ಮೇಲೆ ಕೆಂಪು ಕಲೆಯಿತ್ತು. ಮನೆಯಲ್ಲಿ ಹಿಡಿ ಕಾಳಿಲ್ಲದ ಚಳಿಗಾಲ ಅದು, ರಕ್ತ ಜಿಂಕೆಯದೇ. ಆದರೂ ಪೆರನೆಟ್ ಮಂಡಿಯೂರಿ, ಅದು ವೈನಿನ ಕಲೆ ಎಂದಳು.

"ಗಂಜಿಗೇ ಗತಿಯಿಲ್ಲದವನ ತೋಳಿಗೆ ವೈನೆಲ್ಲಿಂದ ಬಂತೆ?" ಎಂದ ಡ್ಯೂಕ್. ಸಭೆಗೆ ಸಭೆಯೇ ನಕ್ಕಿತು. ಸಿಪ್ಪೆ ಇಡಿಯಾಗಿ ಬಂದಿದ್ದರೂ ಸಂಜೆಯೊಳಗೆ ಥೀಬೋನನ್ನು ನೇಣಿಗೇರಿಸಿದರು.

ಅಂದಿನಿಂದ ಹೊಳೆಯ ಕಲ್ಲಿನ ಮೇಲೆ ಡ್ಯೂಕನ ಬಟ್ಟೆಗೆ ಕೊಡತಿಯ ಪೆಟ್ಟು ಬಿದ್ದಾಗಲೆಲ್ಲ, ಅವಳ ತುಟಿಯೊಳಗೆ 'ನಿನ್ ಹೆಣ ಎತ್ತ' ಎಂಬ ಮಾತೂ ಬೀಳುತ್ತಿತ್ತು. ಅದನ್ನು ಕೇಳಿಸಿಕೊಂಡವಳು ಜೊತೆಗಾತಿ ಗಿಯೆಮೆಟ್ ಒಬ್ಬಳೇ.

ಹೀಗಿರುವಾಗ ಒಂದು ದಿನ ಡ್ಯೂಕ್ ಊಟದ ಮೇಜಿನಲ್ಲೇ ಹೊಟ್ಟೆ ಹಿಡಿದುಕೊಂಡು ಉರುಳಿ ಸತ್ತ. ವಿಷ ಎಂಬ ಗುಸುಗುಸು ಹಬ್ಬಿತು. ಅಂದು ಅಪ್ಪನ ಬಟ್ಟಲಿಗೆ ವೈನು ಸುರಿದವನು ಮಗ ರೆನ್ಯೆ ಎಂಬುದನ್ನು ಮಾತ್ರ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಜನರ ಬಾಯಿ ಮುಚ್ಚಿಸಲೆಂದು ರೆನ್ಯೆಯೇ ಹಳೆಯ ಕಟ್ಟಳೆಯೊಂದನ್ನು ಮತ್ತೆ ಜಾರಿಗೆ ತಂದ: ಕೋಟೆಯ ಪ್ರತಿಯೊಬ್ಬರೂ ಹೆಣ ಮುಟ್ಟಬೇಕು. ಕೊಂದವನ ಕೈ ತಾಗಿದರೆ ಹೆಣ ರಕ್ತ ಕಾರುತ್ತದೆ.

ಗಿಯೆಮೆಟ್ ಓಡಿ ಬಂದಳು. "ತಟ್ಟಿರೋದು ನಿನ್ ಶಾಪಾನೇ ಕಣೆ. ಎಲ್ಲಾದ್ರೂ ಹೊರಟ್ಹೋಗು."

"ಓಡಿದ್ರೆ ನಾನೇ ಅಂತಾರೆ," ಎಂದಳು ಪೆರನೆಟ್. ನಿಂತರೂ ತಾನೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಇಷ್ಟು ವರ್ಷ ಬೇಡಿಕೊಂಡದ್ದನ್ನು ದೇವರು ಕೊಟ್ಟಿದ್ದರೆ, ಕೊಂದವಳು ಅವಳಲ್ಲದೆ ಇನ್ಯಾರು?

ಹೆಣವನ್ನು ವೈನಿನಲ್ಲಿ ತೊಳೆದು ಚರ್ಚಿನಲ್ಲಿ ಮಲಗಿಸಿದ್ದರು. ಬಿಳಿಯ ಮುಸುಕು ಸರಿಸಿ ಹಿಡಿದು ತಲೆದೆಸೆಯಲ್ಲಿ ನಿಲ್ಲುವುದು ಅಗಸಗಿತ್ತಿಯ ಕೆಲಸ. ಲಾಯದವರು ಮುಟ್ಟಿದರು, ಅಡಿಗೆಯವರು ಮುಟ್ಟಿದರು. ಅವಳ ಸರದಿ ಬಂತು. ಕಣ್ಣು ಮುಚ್ಚಿ ಆ ತಣ್ಣನೆಯ ಎದೆಯ ಮೇಲೆ ಕೈಯಿಟ್ಟಳು. ಏನೂ ಆಗಲಿಲ್ಲ. ಹೋದ ಜೀವ ಬಂದಂತಾಯಿತು. ಬೆನ್ನಿಗೇ ಅಳುವೂ ಬಂತು. ಅಷ್ಟೆಲ್ಲ ಶಾಪದಲ್ಲಿ ಎಳ್ಳಿನಷ್ಟೂ ಬಲವಿರಲಿಲ್ಲ.

ಕೊನೆಗೆ ರೆನ್ಯೆ ಬಂದು ಅಂಗೈ ಊರಿದ. ಹೆಣದ ಮೂಗಿನಿಂದ ಕೆಂಪು ಎಳೆಯೊಂದು ಇಳಿದು ಬಿಳಿಯ ಮುಸುಕಿಗೆ ಹರಡಿತು.

ಪಾದ್ರಿಯ ಪ್ರಾರ್ಥನೆ ನಿಂತಿತು. ರೆನ್ಯೆ ಕೈ ಹಿಂದೆಗೆದ. ಅವನ ಕಣ್ಣು ನಿಧಾನವಾಗಿ ತಲೆದೆಸೆಗೆ, ಮುಸುಕಿನ ಅಂಚು ಹಿಡಿದಿದ್ದ ಪೆರನೆಟ್‌ಳ ಕೈಗೆ ಬಂದು ನಿಂತಿತು. ಆ ನೋಟದ ಅರ್ಥ ಕೋಟೆಯ ಪಾರುಪತ್ತೇಗಾರನಿಗೆ ತಕ್ಷಣ ಹೊಳೆಯಿತು.

"ಇವಳ ಕೈನೂ ಅಲ್ಲೇ ಇತ್ತಲ್ಲ," ಎನ್ನುತ್ತ ಅವನು ಅವಳತ್ತ ಹೆಜ್ಜೆಯಿಟ್ಟ.

ಎರಡು ಕೈಗಳಲ್ಲಿ ಒಂದು ಕೊಲೆಗಾರನದು ಆಗಲೇಬೇಕು, ಯಾವುದನ್ನು ಆರಿಸುತ್ತಾರೆಂದು ಅವಳಿಗೆ ಗೊತ್ತಿತ್ತು. ಥೀಬೋನ ಕಾಲುಗಳು ಗಾಳಿಯಲ್ಲಿ ತೂಗಿದ್ದು ಕಣ್ಣಿಗೆ ಕಟ್ಟಿತು.

"ವೈನು, ಬುದ್ಧಿ," ಎಂದಳು. "ತೊಳೆದಿದ್ದು ವೈನಲ್ಲಿ ಅಲ್ವಾ. ಮೂಗಲ್ಲಿ ಉಳ್ಕಂಡಿದ್ದು ಈಗ ಇಳೀತು."

ರೆನ್ಯೆ ಅವಳನ್ನು ಬಹಳ ಹೊತ್ತು ನೋಡಿದ. "ಹೌದು. ವೈನೇ," ಎಂದ. ಪಾದ್ರಿ ತಲೆದೂಗಿದ. ವೈನು, ವೈನು ಎಂದು ಬಾಗಿಲವರೆಗೂ ಪಿಸುಮಾತು ಹರಿಯಿತು. ಈ ಸಲ ಯಾರೂ ನಗಲಿಲ್ಲ.

ಮುಸುಕನ್ನು ಹೊಳೆಗೆ ಕೊಂಡೊಯ್ದಾಗ ಪಾರುಪತ್ತೇಗಾರ ದಡದಲ್ಲೇ ನಿಂತ. ನಾಳೆಯಿಂದ ಅವಳು ಕೋಟೆಯ ಒಳಗೇ ಇರಬೇಕಂತೆ, ಹೊಸ ದೊರೆಯ ಕಣ್ಣೆದುರಿಗೆ. ಆಗಲಿ ಬುದ್ಧಿ, ಎಂದಳು. ಗಂಡನನ್ನು ಉಳಿಸಲಾರದೆ ಹೋದ ಸುಳ್ಳು ಇಂದು ಕೊಲೆಗಾರನನ್ನು ಉಳಿಸಿತ್ತು. ಕಲೆಯನ್ನು ತಣ್ಣೀರಿನಲ್ಲಿ ಉಜ್ಜಿದಳು, ಕೊಡತಿ ಎತ್ತಿದಳು. ಹಳೆಯ ಮಾತು ರೂಢಿಯಂತೆ ತುಟಿಗೆ ಬಂತು. ದಡದ ಮೇಲಿದ್ದವನು ಅವಳ ಬಾಯನ್ನೇ ನೋಡುತ್ತಿದ್ದ. ಅವಳು ಹಲ್ಲು ಕಚ್ಚಿ ಬಟ್ಟೆ ಒಗೆದಳು.