ಚಮಚ ಬಾಯಿಗೆ ಹೋಗುವ ಮುನ್ನ

ಚಮಚ ಇನ್ನೇನು ಮಗುವಿನ ಬಾಯಿಗೆ ಹೋಗುವುದರಲ್ಲಿತ್ತು, ನಾನು ಆ ತಾಯಿಯ ಕೈ ಹಿಡಿದುಬಿಟ್ಟೆ. ಹೊನ್ನಾಳಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಅವರು ಆಗ ತಾನೇ ಸೀಲ್ ಒಡೆದ ಸಿರಪ್ ಬಾಟಲಿಯಲ್ಲಿ ಕಪ್ಪು ಎಳೆಗಳು ತೇಲುತ್ತಿದ್ದವು. ಔಷಧ ತಯಾರಿಕೆಯ ಗುಣಮಟ್ಟದ ನಿಯಮಗಳ ಬಗ್ಗೆಯೇ ಎಂ.ಫಾರ್ಮ್ ಓದುತ್ತಿರುವ ನನ್ನ ಕಣ್ಣಿಗೆ ಅವು ಬಿದ್ದವು.

“ಜ್ವರ ಏರಾಕತ್ತೈತೆ ರೀ, ಕುಡಿಸದೆ ಹೆಂಗೆ ಇರಾಕೆ ಆಗ್ತೈತೆ?” ಎಂದರು ತಾಯಿ.

ನಾನೇ ತಪ್ಪಾಗಿ ನೋಡಿದ್ದರೆ ಎಂಬ ಅನುಮಾನದಲ್ಲೇ ಬಾಟಲಿಯೊಳಗಿನ ಎಳೆಗಳನ್ನು ತೋರಿಸಿದೆ. ಇಬ್ಬರೂ ಎದುರಿನ ಮೆಡಿಕಲ್ ಶಾಪಿಗೆ ಓಡಿದೆವು. ಅಂಗಡಿಯವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ತೆಗೆದಿಟ್ಟುಕೊಂಡು, ಬೇರೆ ಕಂಪನಿಯ ಸಿರಪ್ ಕೊಟ್ಟರು. ಅದನ್ನು ಕುಡಿದ ಮಗು ಬಸ್ ಬರುವಷ್ಟರಲ್ಲಿ ಬೆವರಿ, ಜ್ವರ ಇಳಿದು ನಿದ್ದೆಹೋಗಿತ್ತು.

ಓದು ಮುಗಿದ ಮೇಲೆ ಬಾಟಲಿಗಳನ್ನು ಪರೀಕ್ಷಿಸಿ ಮಾರಾಟಕ್ಕೆ ಬಿಡುವ ಕೆಲಸ ನನ್ನದೇ. ಆ ಬಾಟಲಿಯನ್ನೂ ನನ್ನಂತೆ ಓದಿದವರೊಬ್ಬರು ನೋಡಿಯೇ ಮಾರಾಟಕ್ಕೆ ಬಿಟ್ಟಿರಬೇಕಲ್ಲ ಎಂಬ ಅಳುಕು ಇನ್ನೂ ಹೋಗಿಲ್ಲ.